ನಾಲ್ಕೂವರೆಯ ಹಸಿವು

ಶಾಲೆ ಶುರುವಾಗುವ ಹೊತ್ತಿಗೆ ಎಲ್ಲರ ಬಾಯಲ್ಲೂ ಡಬ್ಬಿಯದ್ದೇ ಮಾತು. ಮೇ ಕೊನೆಯ ವಾರ ತೀರ್ಥಹಳ್ಳಿ ಪೇಟೆಗೆ ಹೋಗಿ ನೋಡಿ. ಪಾತ್ರೆ ಅಂಗಡಿಯಲ್ಲಿ ಅಮ್ಮಂದಿರು ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ತಲೆಕೆಳಗು ಮಾಡಿ, ಅಲ್ಲಾಡಿಸಿ ನೋಡುತ್ತಿರುತ್ತಾರೆ. ಸಾರು ಸೋರಬಾರದು, ಮಗುವಿನ ಕೈಗೆ ಮುಚ್ಚಳ ಸಲೀಸಾಗಿ ಬರಬೇಕು, ಬಿಸಿ ಆರಬಾರದು. ವಾಟ್ಸಾಪ್‌ನಲ್ಲಿ ತಿಂಗಳಿಡೀ ದಿನಕ್ಕೊಂದು ಟಿಫಿನ್ ಅಂತ ಪಟ್ಟಿಗಳು ಓಡಾಡುತ್ತವೆ. ಕ್ಯಾರೆಟ್ಟನ್ನು ಹೂವಿನ ಹಾಗೆ ಕತ್ತರಿಸುವ ವಿಡಿಯೋ ಬೇರೆ. ಬೆಳಿಗ್ಗೆ ಆರು ಗಂಟೆಗೆ, ಹೊರಗೆ ಧೋ ಅಂತ ಮಳೆ ಹೊಡೆಯುತ್ತಿರುವಾಗ, ಕರೆಂಟ್ ಇಲ್ಲದ ಅಡುಗೆಮನೆಯಲ್ಲಿ ನಿಂತು ಕ್ಯಾರೆಟ್ ಹೂವು ಮಾಡುವವರು ಯಾರೋ ಪುಣ್ಯವಂತರೇ ಇರಬೇಕು.

ನನಗಂತೂ ಡಬ್ಬಿಗೆ ಸಿಗುತ್ತಿರುವ ಮರ್ಯಾದೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಡಬ್ಬಿ ಬೇಡ ಅಂತಲ್ಲ. ಆದರೆ ಶಾಲೆಗೆ ಹೋಗುವ ಮಗುವಿನ ಊಟ ಕೆಡುವುದೋ ಸರಿಯಾಗುವುದೋ ತೀರ್ಮಾನ ಆಗುವುದು ಸಂಜೆ ನಾಲ್ಕೂವರೆಗೆ. ಬ್ಯಾಗು ಜಗಲಿ ಮೇಲೆ ಎಸೆದು, ಒದ್ದೆ ಸಾಕ್ಸ್ ಕಳಚದೆ ಸೀದಾ ಅಡುಗೆಮನೆಗೆ ನುಗ್ಗುತ್ತಾರಲ್ಲ, ಆ ಹೊತ್ತು. ಅದಕ್ಕೆ ಯಾರೂ ಪಟ್ಟಿ ಮಾಡಲ್ಲ.

ಬೇಸಿಗೆ ರಜೆಯಲ್ಲಿ ನಮ್ಮ ಮಲೆನಾಡಿನ ಮಕ್ಕಳು ಊಟ ಮಾಡುವುದೇ ಕಡಿಮೆ, ತಿನ್ನುವುದು ಜಾಸ್ತಿ. ಏಪ್ರಿಲ್ ಬಂದರೆ ಗೇರುಹಣ್ಣು, ಕವಳೆಹಣ್ಣು. ಮೇ ಹೊತ್ತಿಗೆ ಕಾಟುಮಾವು, ಹಲಸು, ನೇರಳೆ. ಅಂಗಿ ಮೇಲೆ ಕಲೆ, ಬಾಯೆಲ್ಲಾ ಮೇಣ. ಮಧ್ಯಾಹ್ನ ಊಟಕ್ಕೆ ಕರೆದರೆ 'ಹಸಿವಿಲ್ಲ' ಅನ್ನುತ್ತವೆ, ಮೂರು ಗಂಟೆಗೆ ತಾವೇ ಬಂದು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿನ್ನುತ್ತವೆ. ಹೊತ್ತಿಲ್ಲ, ಗೊತ್ತಿಲ್ಲ. ಆದರೂ ಹೊಟ್ಟೆಯ ಲೆಕ್ಕ ಹೇಗೋ ಸರಿಹೋಗುತ್ತದೆ. ಹಸಿವಾದಾಗ ತಿನ್ನಲು ಏನಾದರೂ ಇರುತ್ತದೆ, ಮನೆಯಲ್ಲಿ ಅಜ್ಜಿಯೂ ಇರುತ್ತಾರೆ.

ಮೇ 29ರ ಹೊತ್ತಿಗೆ ಶಾಲೆ ಬಾಗಿಲು ತೆರೆಯುತ್ತದೆ. ಹಿಂದೆಯೇ ಮಳೆ. ನಮ್ಮ ಕಡೆ ಎರಡೂ ಕೈಹಿಡಿದುಕೊಂಡೇ ಬರುತ್ತವೆ. ನನ್ನ ಮಗಳು ಆರನೇ ಕ್ಲಾಸು, ಪೇಟೆಯ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾಳೆ. ವ್ಯಾನು ನಮ್ಮ ತಿರುವಿಗೆ ಏಳೂವರೆಗೇ ಬಂದು ಹಾರ್ನ್ ಹೊಡೆಯುತ್ತದೆ. ಮಗ ಎರಡನೇ ಕ್ಲಾಸು, ಊರಿನ ಸರ್ಕಾರಿ ಶಾಲೆಗೆ ನಡೆದೇ ಹೋಗುತ್ತಾನೆ. ಒಂದೇ ಮನೆಯಲ್ಲಿ ಎರಡು ಗಡಿಯಾರ. ಇದರಿಂದ ನನಗೆ ಒಂದು ಅನುಕೂಲ ಆಗಿದೆ: ಇಬ್ಬರ ಹೊಟ್ಟೆಯೂ ಹೇಗೆ ನಡೆಯುತ್ತದೆ ಅಂತ ಪಕ್ಕಪಕ್ಕದಲ್ಲೇ ಇಟ್ಟು ನೋಡಬಹುದು.

ಮಗಳ ಕಥೆ ಹೇಳುತ್ತೇನೆ, ಇದು ಬಹಳ ಮನೆಗಳ ಕಥೆಯೂ ಹೌದು. ಬೆಳಿಗ್ಗೆ ಅವಳಿಗೆ ಹಸಿವಿರುವುದಿಲ್ಲ. ಅರ್ಧ ದೋಸೆ, ಎರಡು ಗುಟುಕು ಹಾಲು, ಅಷ್ಟೇ. ನಾವು ಬೈಯುತ್ತೇವೆ. ಆದರೆ ಹಸಿವು ಬೆಳಿಗ್ಗೆ ಯಾಕಿಲ್ಲ? ರಾತ್ರಿ ಒಂಬತ್ತೂವರೆಗೆ ಊಟ ಮಾಡಿ ಮಲಗಿದ್ದಾಳೆ. ಒಂಬತ್ತೂವರೆಗೆ ಯಾಕೆ? ಎಂಟು ಗಂಟೆಗೆ ಬಡಿಸಿದರೆ ಬೇಡ ಅಂದಳು. ಯಾಕೆ ಬೇಡ? ಸಂಜೆ ಬಂದವಳು ಬಿಸ್ಕತ್ತು, ಚಿಪ್ಸು, ಒಂದು ಲೋಟ ಸಿಹಿ ಟೀ ಅಂತ ಆರೂವರೆಯವರೆಗೆ ಬಾಯಾಡಿಸುತ್ತಲೇ ಇದ್ದಳು. ಹೊಟ್ಟೆ ತುಂಬಿದೆ, ಒಳಗೆ ಏನೂ ಇಲ್ಲ. ಮಾರನೇ ದಿನ ಬೆಳಿಗ್ಗೆಯ ಅರ್ಧ ದೋಸೆಯ ಬೇರು ಹಿಂದಿನ ದಿನ ಸಂಜೆಯ ಬಿಸ್ಕತ್ತಿನಲ್ಲಿದೆ. ಬೆಳಿಗ್ಗೆ ನಿಂತು ಬೈದರೆ ಏನು ಪ್ರಯೋಜನ, ಅಲ್ವಾ?

ಈ ಬೇರನ್ನು ಹಿಡಿದ ಮೇಲೆ ನಾನು ಡಬ್ಬಿಯ ತಲೆಬಿಸಿ ಬಿಟ್ಟೆ. ಡಬ್ಬಿಗೆ ಅವಳಿಗೆ ಇಷ್ಟವಾದದ್ದು, ಆರಿದರೂ ತಿನ್ನಲು ಬರುವಂಥದ್ದು. ಚಿತ್ರಾನ್ನವೋ ಚಪಾತಿಯೋ. ಅಕ್ಕಿ ರೊಟ್ಟಿ ಆರಿದರೆ ಗಟ್ಟಿ, ಮಕ್ಕಳು ಹರಿಯಲಾರರು. ಕಡುಬು ಬಿಸಿ ಇದ್ದಾಗ ಮಾತ್ರ ಕಡುಬು. ಪೇಟೆಯ ಶಾಲೆಯಲ್ಲಿ ಪಕ್ಕದವಳ ಡಬ್ಬಿಯಲ್ಲಿ ನೂಡಲ್ಸ್ ಇರುವಾಗ ನಮ್ಮವಳು ಕೆಸುವಿನ ಸೊಪ್ಪಿನ ಪತ್ರೊಡೆ ತೆಗೆದು ತಿನ್ನಬೇಕು ಅಂತ ನಾನು ಹಟ ಹಿಡಿಯಲ್ಲ. ಹನ್ನೊಂದು ವರ್ಷದ ಹುಡುಗಿಗೆ ಅವಳದ್ದೇ ಮಾನ ಮರ್ಯಾದೆ ಇರುತ್ತದೆ. ಪತ್ರೊಡೆ ಸಂಜೆಗೆ.

ಸಂಜೆ ನಾಲ್ಕೂವರೆಗೆ ಮಕ್ಕಳ ಹಸಿವು ನಿಜವಾದ ಹಸಿವು. ಆಗ ಎದುರಿಗೆ ಏನಿಟ್ಟರೂ ತಿನ್ನುತ್ತಾರೆ. ಸೊಪ್ಪು ಮುಟ್ಟದವರು ಸೊಪ್ಪು ತಿನ್ನುತ್ತಾರೆ, ಹುರುಳಿ ಅಂದರೆ ಮೂಗು ಮುರಿಯುವವರು ಹುರುಳಿ ತಿನ್ನುತ್ತಾರೆ. ಆದರೆ ಅದು ಐದು ನಿಮಿಷದ ಮಾತು. ಬಿಸ್ಕತ್ತಿನ ಡಬ್ಬ ಕೈಗೆ ಸಿಕ್ಕಿತೋ, ಮುಗಿಯಿತು. ಹಾಗಾಗಿ ಇರುವ ಉಪಾಯ ಒಂದೇ. ಅವರು ಒಳಗೆ ಬರುವ ಹೊತ್ತಿಗೆ ತಟ್ಟೆ ರೆಡಿ ಇರಬೇಕು. 'ಕೈಕಾಲು ತೊಳೆದು ಬಾ, ಮಾಡಿಕೊಡ್ತೀನಿ' ಅಂದರೆ ಆಗಲ್ಲ.

ನಮ್ಮ ಮನೆಯಲ್ಲಿ ಈ ತಟ್ಟೆಯ ಉಸ್ತುವಾರಿ ಅತ್ತೆಯವರದ್ದು. ಜೂನ್ ತಿಂಗಳ ಒಂದು ಸಂಜೆ ಹೀಗಿರುತ್ತದೆ: ಬೆಳಿಗ್ಗೆಯೇ ಕುಕ್ಕರಿನಲ್ಲಿ ಹುರುಳಿ ಬೇಯಿಸಿ ಬಸಿದು ಇಟ್ಟಿರುತ್ತಾರೆ. ಬಸಿದ ಕಟ್ಟು ಮಧ್ಯಾಹ್ನದ ಸಾರಿಗೆ ಹೋಯಿತು. ಕಾಳು ಉಳಿಯಿತು. ನಾಲ್ಕು ಗಂಟೆಗೆ ಕಬ್ಬಿಣದ ಬಾಣಲೆಯಲ್ಲಿ ಸಾಸಿವೆ, ಕರಿಬೇವು, ಒಂದು ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ. ಕಾಳು ಸುರಿದು ಕೈಯಾಡಿಸಿ, ಮೇಲೆ ಕಾಯಿತುರಿ, ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡುತ್ತಾರೆ. ವ್ಯಾನಿನ ಸದ್ದು ತಿರುವಿನಲ್ಲಿ ಕೇಳಿದಾಗ ತಟ್ಟೆಗೆ ಹಾಕಿ ಮೆಟ್ಟಿಲ ಮೇಲೆ ಇಟ್ಟುಬಿಡುತ್ತಾರೆ. ಮಗಳು ಒಂದು ಶೂ ಬಿಚ್ಚಿ ಇನ್ನೊಂದು ಬಿಚ್ಚುವ ಮೊದಲೇ ಮೂರು ತುತ್ತು ತಿಂದಿರುತ್ತಾಳೆ. 'ಅಜ್ಜಿ, ಇನ್ನೊಂಚೂರು ಹಾಕಿ' ಅನ್ನುತ್ತಾಳೆ. ಇದೇ ಕಾಳನ್ನು ರಾತ್ರಿ ಪಲ್ಯ ಅಂತ ಬಡಿಸಿದ್ದರೆ ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು.

ಹುರುಳಿಯ ಬಗ್ಗೆ ಒಂದು ಮಾತು. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ ಹತ್ತಿರ ಪ್ರೋಟೀನ್ ಇದೆ. ಒಂದು ಹಿಡಿ ಒಣಕಾಳು, ಅಂದರೆ 30 ಗ್ರಾಂನಷ್ಟು ಬೇಯಿಸಿದರೆ ಒಂದು ಮೊಟ್ಟೆಯಷ್ಟು ಪ್ರೋಟೀನ್ ಸಿಕ್ಕ ಹಾಗೆ. ಒಂದು ಕಾಲದಲ್ಲಿ ಎತ್ತು, ಕುದುರೆಗೆ ಬೇಯಿಸಿ ಹಾಕುತ್ತಿದ್ದರು ಅಂತ ಇದಕ್ಕೆ ಪೇಟೆಯಲ್ಲಿ ಮರ್ಯಾದೆ ಕಡಿಮೆ. ಇರಲಿ, ಬೆಲೆಯೂ ಹಾಗೇ ಕಡಿಮೆ ಇರಲಿ.

ನಮ್ಮ ಮಲೆನಾಡಿನ ಊಟದ ದೊಡ್ಡ ಕೊರತೆ ಏನು ಅಂದರೆ ಎಲ್ಲವೂ ಅಕ್ಕಿ. ಬೆಳಿಗ್ಗೆ ಅಕ್ಕಿ ಕಡುಬು ಅಥವಾ ನೀರುದೋಸೆ, ಮಧ್ಯಾಹ್ನ ಅನ್ನ, ಸಂಜೆ ಅಕ್ಕಿ ಹಪ್ಪಳ, ರಾತ್ರಿ ಅನ್ನ. ಹಬ್ಬಕ್ಕೆ ಅಕ್ಕಿ ಪಾಯಸ. ಹೊಟ್ಟೆಗೆ ಮೋಸ ಇಲ್ಲ, ನೆತ್ತರಿಗೆ ಸಾಲುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊಸದಾಗಿ ಲೆಕ್ಕ ಹಾಕಿದ ಪ್ರಕಾರ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಹತ್ತರಿಂದ ಹನ್ನೆರಡು ವರ್ಷದ ಗಂಡುಮಗುವಿಗೆ 16. ಅದೇ ವಯಸ್ಸಿನ ಹೆಣ್ಣುಮಗುವಿಗೆ 28! ನಮ್ಮ ಮಗ ಮತ್ತು ಮಗಳಿಗೆ ಒಂದೇ ತಟ್ಟೆಯಲ್ಲಿ ಸಮಪಾಲು ಬಡಿಸಿದರೆ ಅದು ನ್ಯಾಯ ಅಲ್ಲ. ಮಗಳಿಗೆ ಜಾಸ್ತಿ ಹೋಗಬೇಕು. ಆದರೆ ಎಷ್ಟು ಮನೆಯಲ್ಲಿ ಮೀನಿನ ನಡುತುಂಡು ಹುಡುಗಿಯ ತಟ್ಟೆಗೆ ಹೋಗುತ್ತದೆ ಹೇಳಿ.

28 ಮಿಲಿಗ್ರಾಂ ಅನ್ನದಿಂದ ಬರುವುದಲ್ಲ. ಸೊಪ್ಪು, ಕಾಳು, ಮೀನು, ಮಾಂಸ, ಎಳ್ಳು, ರಾಗಿ ಎಲ್ಲಾ ಸೇರಬೇಕು. ಮಳೆಗಾಲದಲ್ಲಿ ಸಂತೆಯ ಸೊಪ್ಪು ಕೊಳೆತಿರುತ್ತದೆ ಅನ್ನುವುದು ನಿಜ. ಆದರೆ ಹಿತ್ತಲಿನಲ್ಲಿ ಆಗಲೇ ಸೊಪ್ಪಿನ ಸುಗ್ಗಿ. ಮೊದಲ ಮಳೆಗೆ ಎದ್ದ ಚಗಟೆ ಸೊಪ್ಪು, ಬೇಲಿ ಮೇಲಿನ ಬಸಳೆ, ಹರಿವೆ, ಕೆಸುವು, ಮರದ ಮೇಲೆ ಹುಟ್ಟುವ ಮರಕೆಸು. ಗದ್ದೆಬದುವಿನ ಒಂದೆಲಗ ಕೊಯ್ದು ತಂಬುಳಿ ಮಾಡಿದರೆ ಬುದ್ಧಿ ಚುರುಕಾಗುತ್ತದೆ ಅಂತ ಅತ್ತೆಯವರು ಪರೀಕ್ಷೆ ಹೊತ್ತಲ್ಲಿ ತಪ್ಪದೆ ಮಾಡುತ್ತಾರೆ. ಬುದ್ಧಿಯ ಬಗ್ಗೆ ನಾನು ಪಣ ಕಟ್ಟಲ್ಲ, ಅವರ ಮಗನನ್ನೇ ಮದುವೆಯಾಗಿದ್ದೇನೆ. ತಂಬುಳಿಯ ನೆಪದಲ್ಲಿ ಹಸಿ ಸೊಪ್ಪು, ಕಾಯಿ, ಮಜ್ಜಿಗೆ ಮೂರೂ ಒಟ್ಟಿಗೆ ಒಳಗೆ ಹೋಗುತ್ತದಲ್ಲ, ಅಷ್ಟು ಸಾಕು.

ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ಸ್ವಲ್ಪ ಕಷ್ಟ. ಹುಳಿ ಜೊತೆಗಿದ್ದರೆ, ಅಂದರೆ ಸಿ ವಿಟಮಿನ್ ಇರುವ ನಿಂಬೆ, ನೆಲ್ಲಿ, ಪೇರಳೆ ಇದ್ದರೆ ಜಾಸ್ತಿ ಹತ್ತುತ್ತದೆ. ಹುರುಳಿಗೆ ನಿಂಬೆ ಹಿಂಡುವುದು ಬರೀ ರುಚಿಗಲ್ಲ. ಟೀ, ಕಾಫಿ ಜೊತೆಗಿದ್ದರೆ ಇದರ ಉಲ್ಟಾ. ಅದರೊಳಗಿನ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ, ಮೈಗೆ ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಟೀ ಕಾಫಿ ಬೇಡ ಅಂತ 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯಲ್ಲೇ ಇದೆ.

ಇದು ನಮ್ಮ ಕಡೆ ಹೇಳಲು ಬಹಳ ಕಷ್ಟದ ಮಾತು. ಮಳೆ, ಚಳಿ, ಸಂಜೆ, ಒಲೆ ಮುಂದೆ ಟೀ. ಅದನ್ನು ಯಾರು ಬೇಡ ಅಂತಾರೆ? ಮಕ್ಕಳಿಗೂ ಹಾಲು ಜಾಸ್ತಿ ಹಾಕಿ ಒಂದು ಲೋಟ ಕೊಡುವುದು ರೂಢಿ. ಕೂಲಿಗೆ ಹೋಗುವ ಮನೆಗಳಲ್ಲಿ ಎಷ್ಟೋ ಸಲ ಸಂಜೆಯ ತಿಂಡಿ ಅಂದರೆ ಅದೇ: ಟೀ, ಅದರಲ್ಲಿ ಅದ್ದಿದ ಬನ್ನು. ದೊಡ್ಡವರು ಕುಡಿಯಲಿ, ನಾನೂ ಕುಡಿಯುತ್ತೇನೆ. ಮಕ್ಕಳಿಗೆ ಆ ಹೊತ್ತಲ್ಲಿ ಜೀರಿಗೆ ಕೊತ್ತಂಬರಿಯ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕೊಟ್ಟರೆ ಬಿಸಿ ಲೋಟ ಕೈಯಲ್ಲಿ ಹಿಡಿದ ಸುಖವೂ ಸಿಗುತ್ತದೆ. ಅವರಿಗೆ ಬೇಕಾಗಿದ್ದು ಅರ್ಧ ಅದೇ.

ಹಾಲಿಗೆ ಹಾಕುವ ಪುಡಿಗಳ ಬಗ್ಗೆ ಜಾಸ್ತಿ ಬರೆಯಲ್ಲ. ಇಂಥ ಪೇಯಗಳನ್ನು 'ಆರೋಗ್ಯ ಪೇಯ' ಅನ್ನುವ ವಿಭಾಗದಲ್ಲಿಟ್ಟು ಮಾರಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಇರುತ್ತದೆ, ಓದಿ. ಆಮೇಲೆ ನಿಮ್ಮಿಷ್ಟ.

ರಕ್ತದ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಮಳೆಗಾಲದಲ್ಲಿ ನಮ್ಮ ಮಕ್ಕಳ ರಕ್ತ ಕುಡಿಯುವುದು ಉಂಬಳ, ಅಂದರೆ ಜಿಗಣೆ, ಅಂತ ಎಲ್ಲರಿಗೂ ಗೊತ್ತು. ತೋಟದಿಂದ ಬಂದಮೇಲೆ ಕಾಲು ಬೆರಳ ಸಂದಿ ನೋಡಿ, ಉಪ್ಪೋ ಸುಣ್ಣವೋ ಹಚ್ಚಿ ಬೀಳಿಸುತ್ತೇವೆ. ಆದರೆ ಉಂಬಳ ಪಾಪದ್ದು, ಒಮ್ಮೆ ಕುಡಿದು ಬಿದ್ದುಹೋಗುತ್ತದೆ. ಕಣ್ಣಿಗೆ ಕಾಣದ ಕೊಕ್ಕೆಹುಳು ಹಾಗಲ್ಲ. ಒದ್ದೆ ಮಣ್ಣಿನಲ್ಲಿರುವ ಅದರ ಮರಿ ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗಿ, ಕರುಳಿನಲ್ಲಿ ಕೊಕ್ಕೆ ಹಾಕಿಕೊಂಡು ಕೂತು ತಿಂಗಳಾನುಗಟ್ಟಲೆ ರಕ್ತ ಹೀರುತ್ತದೆ. ಮಗು ಚೆನ್ನಾಗಿ ತಿನ್ನುತ್ತದೆ, ಆದರೂ ಬಿಳಿಚಿಕೊಂಡಿರುತ್ತದೆ, ಕ್ಲಾಸಿನಲ್ಲಿ ತೂಕಡಿಸುತ್ತದೆ. ನಾವು 'ಸೋಮಾರಿ' ಅನ್ನುತ್ತೇವೆ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವುದು ಇದಕ್ಕೇ. ಅಲ್ಬೆಂಡಜೋಲ್ ಅಂತ, ಜಗಿದು ತಿನ್ನುವ ಮಾತ್ರೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯೂ ಕೊಡುತ್ತಾರೆ. ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ. ಖಾಲಿ ಹೊಟ್ಟೆಯಲ್ಲಿ ತಿಂದು ವಾಕರಿಕೆ ಬಂತು ಅಂತ ಕೆಲವರು ಬ್ಯಾಗಿನ ಮೂಲೆಗೆ ಹಾಕಿಕೊಂಡು ಬರುತ್ತಾರೆ. ಊಟ ಆದಮೇಲೆ ನುಂಗಿದರೆ ಅಷ್ಟು ತೊಂದರೆ ಇಲ್ಲ. ಮಾತ್ರೆ ತಿಂದ ಮಾರನೇ ದಿನ ಕಪ್ಪಗೆ ಕಕ್ಕಸು ಆಗುತ್ತದೆ, ಅದಕ್ಕೆ ಹೆದರಬೇಡಿ ಅಂತ ಮೊದಲೇ ಹೇಳಿಡುವುದು ಒಳ್ಳೆಯದು. ಮತ್ತೆ, ತೋಟಕ್ಕೆ ಹೋಗುವಾಗ ಮಕ್ಕಳ ಕಾಲಿಗೆ ಚಪ್ಪಲಿ ಇರಲಿ.

ಈಗ ಮಗನ ಕಡೆಗೆ ಬರೋಣ. ಅವನ ಗಡಿಯಾರ ಅಕ್ಕನದ್ದಕ್ಕಿಂತ ಸುಖದ್ದು. ಒಂಬತ್ತೂವರೆಗೆ ಶಾಲೆಗೆ ಹೊರಡುತ್ತಾನೆ, ಅಷ್ಟು ಹೊತ್ತಿಗೆ ಹೊಟ್ಟೆ ಎಚ್ಚರವಾಗಿರುತ್ತದೆ, ಎರಡು ಕಡುಬು ಚಟ್ನಿ ಜೊತೆ ಇಳಿಯುತ್ತದೆ. ಶಾಲೆಗೆ ಹೋದಮೇಲೆ ಬಿಸಿ ಹಾಲು. ಇದು 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ. 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ಮಗುವೊಂದಕ್ಕೆ 150 ಮಿಲಿಲೀಟರ್ ಹಾಲು. 2024ರಿಂದ ವಾರದಲ್ಲಿ ಮೂರು ದಿನ ಅದಕ್ಕೆ ರಾಗಿ ಮಾಲ್ಟ್ ಸೇರುತ್ತದೆ. ರಾಗಿಗೂ ನಮಗೂ ಅಷ್ಟು ನೆಂಟಸ್ತಿಕೆ ಇಲ್ಲ, ಅದು ಬಯಲುಸೀಮೆಯದ್ದು. ಈಗ ಶಾಲೆಯ ದೆಸೆಯಿಂದ ಮಲೆನಾಡಿನ ಮಕ್ಕಳ ನಾಲಿಗೆಗೂ ರಾಗಿ ಹತ್ತಿದೆ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 340 ಮಿಲಿಗ್ರಾಂಗಿಂತ ಜಾಸ್ತಿ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಮಧ್ಯಾಹ್ನ ಬಿಸಿಯೂಟ. ನಾವು ಓದುವಾಗ ಇದು ಇರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಹಾಜರಿ ಸರಿ ಇದ್ದ ಮಕ್ಕಳಿಗೆ ತಿಂಗಳಿಗೆ 3 ಕೆಜಿ ಅಕ್ಕಿ ಕೊಡುತ್ತಿದ್ದರು, ಚೀಲ ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು. ಆ ಅಕ್ಕಿ ಮನೆಯ ಹಂಡೆಗೆ ಸೇರುತ್ತಿತ್ತು, ಮಧ್ಯಾಹ್ನದ ಹೊಟ್ಟೆಗೆ ಅಲ್ಲ. ಬೇಯಿಸಿದ ಊಟವನ್ನೇ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರ್‌ನಲ್ಲಿ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಮಾರನೇ ವರ್ಷ ನಮ್ಮ ಕಡೆಗೂ ಬಂತು. ಈಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಊಟ ಇದೆ.

ಪೋಷಕರು ಬಂದು ಊಟದ ರುಚಿ ನೋಡಬಹುದು, ಹಾಗೆ ನೋಡಲು ಹೋದಾಗ ಕಂಡದ್ದು ಬರೆಯುತ್ತೇನೆ. ಅಡುಗೆ ಕೋಣೆಯಲ್ಲಿ ಅಡುಗೆ ಅಕ್ಕ ದೊಡ್ಡ ಬೋಗುಣಿಯಲ್ಲಿ ತಣ್ಣೀರು ಇಟ್ಟುಕೊಂಡು ಕೂತಿದ್ದರು. ಬೆಂದ ಮೊಟ್ಟೆಗಳನ್ನು ಅದಕ್ಕೆ ಸುರಿದು, ಒಂದೊಂದನ್ನೇ ಬೋಗುಣಿಯ ಅಂಚಿಗೆ ಮೆತ್ತಗೆ ತಟ್ಟಿ, ಹೆಬ್ಬೆರಳು ಹಾಕಿ ಒಂದೇ ಸುತ್ತಿಗೆ ಸಿಪ್ಪೆ ಬಿಡಿಸುತ್ತಿದ್ದರು. ಮೊಟ್ಟೆ ತಾಜಾ ಇದ್ದರೆ ಸಿಪ್ಪೆಗೆ ಬಿಳಿ ಅಂಟಿಕೊಂಡು ಬರುತ್ತದೆ, ಮಕ್ಕಳು 'ನಂಗೆ ಹರಿದಿದ್ದು ಬೇಡ' ಅಂತ ಜಗಳ ತೆಗೆಯುತ್ತಾರಂತೆ. ಸಿಪ್ಪೆ ಎಲ್ಲಾ ಒಂದು ಬುಟ್ಟಿಗೆ, ಆಮೇಲೆ ಶಾಲೆ ಎದುರಿನ ದಾಸವಾಳದ ಬುಡಕ್ಕೆ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬಂದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೂತ ಮೇಲೆ ಶುರುವಾಯಿತು ನಿಜವಾದ ವ್ಯಾಪಾರ. ಒಬ್ಬಳಿಗೆ ಹಳದಿ ಆಗಲ್ಲ, ಬಿಳಿ ಮಾತ್ರ. ಪಕ್ಕದವನಿಗೆ ಹಳದಿ ಅಂದರೆ ಪ್ರಾಣ. ಮಾತಿಲ್ಲದೆ ತಟ್ಟೆಯಿಂದ ತಟ್ಟೆಗೆ ಹಳದಿ ಹಾರಿತು. ನನ್ನ ಮಗ ಬೀನ್ಸನ್ನು ಒಂದೊಂದಾಗಿ ಆರಿಸಿ ಅಂಚಿಗಿಟ್ಟ. ಎದುರು ಕೂತಿದ್ದ ನಾಲ್ಕನೇ ಕ್ಲಾಸಿನ ಹುಡುಗಿ ಕಣ್ಣು ಬಿಟ್ಟು ನೋಡಿದಳು ನೋಡಿ, ಎಲ್ಲವನ್ನೂ ವಾಪಸ್ ಬಾಯಿಗೆ ಹಾಕಿಕೊಂಡ! ಮನೆಯಲ್ಲಿ ನನ್ನ ಕಣ್ಣಿಗೆ ಇಂಥ ಶಕ್ತಿ ಇಲ್ಲ.

ಮೊಟ್ಟೆ ಇಲ್ಲಿಯವರೆಗೆ ಬಂದಿದ್ದು ಸುಮ್ನೆ ಅಲ್ಲ. 2021ರ ಡಿಸೆಂಬರ್‌ನಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಶುರುವಾದಾಗ ಬೇಕು, ಬೇಡ ಅಂತ ಎಷ್ಟು ಗಲಾಟೆ ಆಯಿತು. ಮರುವರ್ಷ ರಾಜ್ಯಕ್ಕೆಲ್ಲಾ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಡಲು ಮುಂದೆ ಬಂದಮೇಲೆ ವಾರದಲ್ಲಿ ಆರು ದಿನವೂ ಮೊಟ್ಟೆ ಅಂತ ಆಯಿತು. ಮೊಟ್ಟೆಯೊಂದಕ್ಕೆ 6 ರೂಪಾಯಿ ಲೆಕ್ಕ, ಕೊಳ್ಳುವುದು ಬೇಯಿಸುವುದು ಸುಲಿಯುವುದು ಎಲ್ಲಾ ಅದರಲ್ಲೇ. ಅಂಗಡಿಯಲ್ಲಿ ರೇಟು ಏರಿದಾಗ ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ. ಇನ್ನು ಅಷ್ಟೂ ಮಕ್ಕಳ ಅಡುಗೆ, ಹಾಲು, ಮೊಟ್ಟೆ ನೋಡಿಕೊಳ್ಳುವ ಅಡುಗೆ ಅಕ್ಕನಿಗೆ ತಿಂಗಳಿಗೆ ಸಿಗುವುದು ಐದು ಸಾವಿರ ಮುಟ್ಟದ ಗೌರವಧನ. ಇಷ್ಟು ಕಡಿಮೆ ಕೊಡುವುದಕ್ಕೆ ಗೌರವಧನ ಅಂತ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು.

ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಗುವಿಗೆ ಈ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕು. ಆರರಿಂದ ಎಂಟಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ನನ್ನ ಮಗಳ ಡಬ್ಬಿಯ ಎರಡು ಚಪಾತಿ, ಜಾಮ್ ಇದರ ಮುಂದೆ ಏನು? ಪ್ರೋಟೀನ್ ಲೆಕ್ಕದಲ್ಲಿ ಅರ್ಧವೂ ಮುಟ್ಟಲ್ಲ. ಫೀಸು ಕಟ್ಟುವ ಮಗಳು ಆರಿದ ಚಪಾತಿ ತಿನ್ನುತ್ತಾಳೆ, ಫೀಸಿಲ್ಲದ ಮಗ ಬಿಸಿ ಅನ್ನ, ಸಾರು, ಮೊಟ್ಟೆ ತಿನ್ನುತ್ತಾನೆ. ನಮ್ಮ ಓಣಿಯಲ್ಲಿ ಇದನ್ನು ಹೇಳಿದರೆ 'ಅಯ್ಯೋ, ಸರ್ಕಾರದ ಊಟ ಅಲ್ವಾ' ಅಂತ ಮುಖ ಸಿಂಡರಿಸುವವರು ಇದ್ದಾರೆ. ನಾನು ಹೇಳುವುದು ಇಷ್ಟೇ: ಒಂದು ದಿನ ಹೋಗಿ ಕೂತು ಉಂಡು ನೋಡಿ, ಆಮೇಲೆ ಮಾತಾಡೋಣ. ಸಾರು ಕೆಲವು ದಿನ ನೀರಾಗಿರುತ್ತದೆ, ನಿಜ. ನಮ್ಮ ಮನೆಯದ್ದೂ ಆಗಿರುತ್ತದೆ. ಊರವರು ಬಾಳೆಕಾಯಿ, ಸೌತೆಕಾಯಿ, ತೆಂಗಿನಕಾಯಿ ತಂದುಕೊಟ್ಟ ದಿನ ಅದೇ ಸಾರಿನ ರುಚಿಯೇ ಬೇರೆ.

ಪೇಟೆಯ ಶಾಲೆಯ ಇನ್ನೊಂದು ತಾಪತ್ರಯ ಗೇಟಿನ ಹೊರಗಿನ ಅಂಗಡಿ. ಶಾಲೆಯಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆ ನಿಯಮ ಅಂಗಡಿಯವರಿಗೂ ಗೊತ್ತಿಲ್ಲ, ಅಳೆಯುವವರೂ ಇಲ್ಲ. ಬೇಕರಿಯ ಪಫ್ಸ್ ವಾಸನೆಗೆ ಐವತ್ತು ಮೀಟರು ಒಂದು ಲೆಕ್ಕವೇ ಅಲ್ಲ. ವ್ಯಾನು ಹೊರಡುವ ಮೊದಲು ಹತ್ತು ರೂಪಾಯಿ ಖರ್ಚಾಗುವುದು ಅಲ್ಲೇ. ಕೈಗೆ ಹತ್ತು ರೂಪಾಯಿ ಕೊಡದಿದ್ದರೆ ಆಯಿತಲ್ಲ ಅನ್ನಬಹುದು. ವ್ಯಾನು ಕೆಟ್ಟುನಿಂತರೆ, ಗುಡ್ಡ ಜರಿದು ರಸ್ತೆ ಬಂದಾದರೆ ಬಸ್ಸಿಗೆ ಬೇಕಲ್ಲ, ಅದಕ್ಕೆ ಕೊಡಲೇಬೇಕು. ಹಾಗಾಗಿ ಮನೆಯಲ್ಲಿ ಏನಿದೆ ಅಂತ ಬೆಳಿಗ್ಗೆಯೇ ಹೇಳಿ ಕಳಿಸುತ್ತೇವೆ. 'ಸಂಜೆ ಅಜ್ಜಿ ಪತ್ರೊಡೆ ಮಾಡ್ತಾರೆ' ಅಂದರೆ ಪಫ್ಸ್ ಒಂದೊಂದು ದಿನ ಸೋಲುತ್ತದೆ. ದಿನಾ ಅಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳದೆ ಬರೆದರೆ ಈ ಬರಹ ಬರೀ ಬಡಾಯಿ ಆಗುತ್ತದೆ. ನಾಲ್ಕೂವರೆಯ ತಟ್ಟೆ ರೆಡಿ ಇಡಲು ಮನೆಯಲ್ಲಿ ಒಬ್ಬರು ಇರಬೇಕು. ನಮ್ಮಲ್ಲಿ ಅತ್ತೆಯವರಿದ್ದಾರೆ. ತೋಟದ ಕೆಲಸಕ್ಕೆ ಹೋಗುವ ತಾಯಿ ಮನೆಗೆ ಬರುವುದೇ ಐದೂವರೆಗೆ. ಶಿವಮೊಗ್ಗದಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಆಫೀಸು ಮುಗಿಯುವುದು ಆರಕ್ಕೆ. ಅವರ ಮಕ್ಕಳು ಬೀಗ ತೆಗೆದು ತಾವೇ ಒಳಗೆ ಬರುತ್ತಾರೆ. ಅಂಥವರಿಗೆ ನನ್ನ ತಂಗಿ ಮಾಡುವುದು ಒಳ್ಳೆಯ ಉಪಾಯ: ಬೆಂಕಿ ಹಚ್ಚದೆ, ಚಾಕು ಹಿಡಿಯದೆ ತಿನ್ನಬಹುದಾದ್ದು ಮಕ್ಕಳ ಕೈ ಎಟುಕಿಗೆ, ಬಿಸ್ಕತ್ತು ಅಟ್ಟದ ಮೇಲೆ. ಬೇಯಿಸಿದ ಶೇಂಗಾ, ಬೆಳಿಗ್ಗೆಯೇ ಬೇಯಿಸಿಟ್ಟ ಮೊಟ್ಟೆ, ಪುಟ್ಟಬಾಳೆ ಗೊನೆ ಅಡುಗೆಮನೆಯ ಕಿಟಕಿಗೇ ನೇತುಹಾಕಿದ್ದು. ಗಾಂಧಿಬಜಾರಿನಿಂದ ತಂದ ಮಂಡಕ್ಕಿಗೆ ಹುರಿಗಡಲೆ ಪುಡಿ, ಎಣ್ಣೆ, ಉಪ್ಪು ಮಕ್ಕಳೇ ಕಲಸಿಕೊಳ್ಳುತ್ತಾರೆ. ಕಲಸುವ ಅಧಿಕಾರ ಸಿಕ್ಕಿದ್ದಕ್ಕೇ ತಿನ್ನುತ್ತಾರೆ ಅನ್ನುತ್ತಾಳೆ ಅವಳು.

ಹಳಬರು ಇದನ್ನು ತಿಂಗಳ ಮೊದಲೇ ಯೋಚನೆ ಮಾಡುತ್ತಿದ್ದರು. ಮೇ ತಿಂಗಳಲ್ಲಿ ಹಲಸು ತಿಂದು ಬೀಜ ಎಸೆಯುತ್ತಿರಲಿಲ್ಲ. ಕೆಮ್ಮಣ್ಣು ಮೆತ್ತಿ ಒಣಗಿಸಿ ಮೂಲೆಯಲ್ಲಿಟ್ಟರೆ ಆಷಾಢದವರೆಗೆ ಬರುತ್ತಿತ್ತು. ಹಲಸಿನ ಹಪ್ಪಳ, ಉಪ್ಪುನೀರಿನಲ್ಲಿಟ್ಟ ಸೊಳೆ, ಒಣಗಿಸಿದ ನೆಲ್ಲಿ, ಗಾಳಿಯಾಡದ ಡಬ್ಬದಲ್ಲಿ ಒಣಮೀನು. ಶಾಲೆಗಾಗಿ ಮಾಡಿದ್ದಲ್ಲ, ಮಳೆಗೆ ಹೆದರಿ ಮಾಡಿದ್ದು. ಮಳೆಗಾಲದ ನಡುವೆ ಪೇಟೆ ದೂರ, ಕೈಯಲ್ಲಿ ಕಾಸಿಲ್ಲ, ಹೊಸ ಭತ್ತಕ್ಕೆ ಇನ್ನೂ ತಿಂಗಳುಗಳು ಬೇಕು. ಈಗಲೂ ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟುಕೊಟ್ಟರೆ ನಮ್ಮ ಮಕ್ಕಳು ಚಿಪ್ಸ್ ಮರೆಯುತ್ತಾರೆ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಅದನ್ನು ಮಾರನೇ ದಿನ ಕ್ಲಾಸಿನಲ್ಲಿ ಕೂತವರು ಅನುಭವಿಸಬೇಕು.

ಇಷ್ಟೆಲ್ಲಾ ಬರೆಯುವಾಗ ತಲೆಯಲ್ಲಿ ಕೊರೆಯುತ್ತಿರುವುದು ಮಳೆ ರಜೆ. ಜುಲೈಯಲ್ಲಿ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಮಳೆ ಕಟ್ಟಿಕೊಂಡರೆ ರಾತ್ರಿ ಅಥವಾ ಬೆಳ್ಳಂಬೆಳಿಗ್ಗೆ ಮೊಬೈಲಿಗೆ ಬರುತ್ತದೆ, ನಾಳೆ ಶಾಲೆಗೆ ರಜೆ ಅಂತ. ಕೆಲವೊಮ್ಮೆ ಒಂದರ ಹಿಂದೆ ಒಂದು. ರಜೆ ಕೊಡುವುದು ಸರಿಯೇ. ಹಳ್ಳದ ಮೇಲಿನ ಕಾಲುಸಂಕ ದಾಟಿ ಬರುವ ಮಕ್ಕಳಿದ್ದಾರೆ. ಆದರೆ ಶಾಲೆಗೆ ರಜೆ ಅಂದರೆ ಹಾಲಿಗೂ ರಜೆ, ಮೊಟ್ಟೆಗೂ ರಜೆ, ಊಟಕ್ಕೂ ರಜೆ. ಅದೇ ದಿನ ಅಪ್ಪ ಅಮ್ಮನಿಗೂ ಕೂಲಿ ಇರುವುದಿಲ್ಲ, ಅಷ್ಟು ಮಳೆಯಲ್ಲಿ ಯಾರು ಕೆಲಸಕ್ಕೆ ಕರೆಯುತ್ತಾರೆ? ನಮ್ಮ ಮನೆಯಲ್ಲಿ ಮಳೆ ರಜೆ ಅಂದರೆ ಕಂಬಳಿ, ಹಪ್ಪಳ. ತೋಟದ ಕೂಲಿಯವರ ಲೈನ್‌ಮನೆಯ ಮಕ್ಕಳಿಗೆ ಹಾಗಲ್ಲ.

ಅಡುಗೆ ಅಕ್ಕನನ್ನು ಕೇಳಿದೆ, ರಜೆ ಮುಗಿದು ಮಕ್ಕಳು ಬಂದ ದಿನ ಹೇಗಿರುತ್ತದೆ ಅಂತ. 'ಅವತ್ತು ನಾನು ಅಕ್ಕಿ ಎರಡು ಪಾವು ಜಾಸ್ತಿ ಹಾಕ್ತೀನಿ ಮಾರಾಯ್ತಿ. ಅಳತೆ ಪ್ರಕಾರ ಹಾಕಿದ್ರೆ ಸಾಲಲ್ಲ. ಮೂರು ಸಲ ಬಡಿಸ್ಕೊಳ್ತಾವೆ' ಅಂದರು. ಯಾವ ಮಕ್ಕಳು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಬಿಸಿಯೂಟದ ಬದಲು ಅಕ್ಕಿ ಬೇಳೆಯನ್ನು ಮಕ್ಕಳ ಮನೆಗೇ ಕೊಟ್ಟಿದ್ದರು. ಹಾಗೆ ಕೊಡಲು ಬರುತ್ತದೆ ಅಂತ ಆಯಿತಲ್ಲ. ಮಳೆ ರಜೆ ಎರಡು ದಿನ ದಾಟಿದರೆ ಮೊಟ್ಟೆಯನ್ನೋ ಬೇಳೆಯನ್ನೋ ಮನೆಗೆ ಮುಟ್ಟಿಸಬಹುದಾ ಅಂತ ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿದೆ. ಮೇಷ್ಟ್ರು ನಕ್ಕು, 'ಅದಕ್ಕೆ ಮೇಲಿನಿಂದ ಆದೇಶ ಬೇಕು ಮೇಡಂ' ಅಂದರು. ಪಕ್ಕದಲ್ಲಿ ಕೂತಿದ್ದ ಪಂಚಾಯ್ತಿ ಸದಸ್ಯರು, 'ಆದೇಶ ಕೇಳಿ ಅರ್ಜಿ ಬರೀರಿ, ನಾನು ಸಹಿ ಹಾಕ್ತೀನಿ' ಅಂದರು. ಅರ್ಜಿ ಬರೆದಾಗಿದೆ. ಸಹಿ ಮಾಡಲು ಒಪ್ಪಿದ ಪೋಷಕರಲ್ಲಿ ಅರ್ಧ ಜನ ನಾಟಿ ಕೆಲಸದಲ್ಲಿದ್ದಾರೆ, ಭಾನುವಾರ ಸಂಜೆ ಮನೆಮನೆಗೆ ಹೋಗಿ ಹಾಕಿಸಿಕೊಂಡು ಬರಬೇಕು.